ಮಳೆಗಾಲದ ಟಪಾಲು: ನೆಟ್ ಇಲ್ಲದ ದಿನಗಳಿಗೆ ಥಂಡರ್‌ಬರ್ಡ್

ಕೊಡಗಿನ ನಾಪೋಕ್ಲು ಬಳಿಯ ನಮ್ಮ ಕಾಫಿ ತೋಟ ಮತ್ತು ಅದರೊಳಗಿನ ಮೂರು ಕೋಣೆಗಳ ಹೋಂಸ್ಟೇ, ಇವೆರಡರ ಪತ್ರವ್ಯವಹಾರವೂ ಒಂದೇ ಜಿಮೇಲ್ ಖಾತೆಯಲ್ಲಿ ನಡೆಯುತ್ತದೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನಿಂದ ಬರುವ, ಎಷ್ಟು ಬೀಜ ಸಿಕ್ಕಿತೆಂದು ತಿಳಿಸುವ ಔಟ್‌ಟರ್ನ್ ವರದಿ, ಗೊಬ್ಬರದ ಬಿಲ್ಲು, ಬೆಳೆಸಾಲದ ಕಾಗದ, ಅತಿಥಿಗಳ ಬುಕಿಂಗ್, ಅವರ ಗುರುತಿನ ಚೀಟಿಯ ಪ್ರತಿ ಎಲ್ಲವೂ ಅಲ್ಲಿಯೇ ಇರುತ್ತವೆ. ಜೂನ್ ಹಿಡಿದು ಸೆಪ್ಟೆಂಬರ್‌ವರೆಗೆ, ಅದರಲ್ಲೂ ಕಕ್ಕಡದ (ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳು) ಗಾಳಿಮಳೆಯಲ್ಲಿ, ಸಿಲ್ವರ್ ಓಕ್ ಮರ ಬಿದ್ದು ಕರೆಂಟಿನ ತಂತಿಯೂ ಫೈಬರ್ ಕೇಬಲ್ಲೂ ಒಟ್ಟಿಗೇ ತುಂಡಾಗುವುದು ನಮ್ಮ ಕಡೆ ಹೊಸದೇನಲ್ಲ. ಅಂಥ ಒಂದು ಸಂಜೆ ಮೈಸೂರಿನಿಂದ ಬಂದ ಕುಟುಂಬವೊಂದನ್ನು ಜಗಲಿಯಲ್ಲಿ ಕೂರಿಸಿ, ಅವರು ಕೊಟ್ಟಿದ್ದ ಮುಂಗಡ ಎಷ್ಟೆಂದು ಅವರನ್ನೇ ಕೇಳಬೇಕಾಯಿತು. ಅವರ ಮೇಲ್ ನನ್ನಲ್ಲಿತ್ತು, ಆದರೆ ನೋಡುವ ದಾರಿ ಇರಲಿಲ್ಲ. ಆ ಮುಜುಗರ ಇನ್ನೊಮ್ಮೆ ಬೇಡವೆಂದು ಥಂಡರ್‌ಬರ್ಡ್ ಹಾಕಿಕೊಂಡೆ. ಎರಡು ಮಳೆಗಾಲ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಥಂಡರ್‌ಬರ್ಡ್ ಉಚಿತವಾದ, ಮುಕ್ತ ಆಕರದ ಮೇಲ್ ತಂತ್ರಾಂಶ. ಇದರ 1.0 ಆವೃತ್ತಿ ಬಂದದ್ದು 2004ರ ಡಿಸೆಂಬರ್‌ನಲ್ಲಿ. ಈಗ ಮೊಜಿಲ್ಲಾ ಪ್ರತಿಷ್ಠಾನದ ಅಂಗಸಂಸ್ಥೆಯೊಂದು ಬಳಕೆದಾರರ ದೇಣಿಗೆಯ ಬಲದಿಂದ ಇದನ್ನು ನಡೆಸುತ್ತಿದೆ. ಬ್ರೌಸರಿನೊಳಗೆ ಜಿಮೇಲ್‌ಗೂ ಒಂದು ಆಫ್‌ಲೈನ್ ಸೌಲಭ್ಯವಿದೆ. ಆದರೆ ಅದು ಉಳಿಸಿಕೊಡುವುದು 7, 30 ಅಥವಾ 90 ದಿನಗಳ ಮೇಲ್‌ಗಳನ್ನು ಮಾತ್ರ. ಜನವರಿಯಲ್ಲಿ ಕೊಯ್ದ ಕಾಫಿಯ ಲೆಕ್ಕವನ್ನು ಆಗಸ್ಟ್‌ನಲ್ಲಿ ನೋಡಬೇಕಾದ ನನ್ನಂಥವರಿಗೆ ಅದು ಸಾಲುವುದಿಲ್ಲ.

ಖಾತೆ ಸೇರಿಸುವ ಕೆಲಸ ಸುಲಭ. ವಿಳಾಸ ಕೊಟ್ಟರೆ ಸರ್ವರಿನ ವಿವರಗಳನ್ನು ತಂತ್ರಾಂಶವೇ ಹುಡುಕಿಕೊಳ್ಳುತ್ತದೆ, ಬಳಿಕ ಗೂಗಲ್‌ನ ಲಾಗಿನ್ ಕಿಟಕಿ ತೆರೆದುಕೊಳ್ಳುತ್ತದೆ. ಇಲ್ಲಿ ಮೇಲ್ ತರಿಸಿಕೊಳ್ಳುವ ವಿಧಾನವಾಗಿ ಐಮ್ಯಾಪ್ (IMAP) ಎಂಬುದನ್ನೇ ಆರಿಸಿಕೊಳ್ಳಬೇಕು. ಪಾಪ್3 ವಿಧಾನದಲ್ಲಿ ಮೇಲ್‌ಗಳು ಕಂಪ್ಯೂಟರಿಗೆ ಇಳಿದು ಬರುತ್ತವೆಯೇ ಹೊರತು, ನಾವು ಮಾಡಿದ ಫೋಲ್ಡರುಗಳಾಗಲಿ, ಓದಿದ್ದರ ಗುರುತಾಗಲಿ ಸರ್ವರಿಗೆ ತಿಳಿಯುವುದಿಲ್ಲ. ಐಮ್ಯಾಪ್‌ನಲ್ಲಿ ಫೋಲ್ಡರುಗಳು ಸರ್ವರಿನಲ್ಲಿಯೇ ಇದ್ದು, ಅವುಗಳ ಪ್ರತಿ ನಮ್ಮ ಕಂಪ್ಯೂಟರಿನಲ್ಲಿಯೂ ಇರುತ್ತದೆ; ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆಗೂ ತಲುಪುತ್ತದೆ.

ನಿಜವಾಗಿ ಗಮನ ಕೊಡಬೇಕಾದ ಜಾಗ, ಖಾತೆಯ ಸೆಟ್ಟಿಂಗ್ಸ್‌ನಲ್ಲಿರುವ ಸಿಂಕ್ರೊನೈಸೇಶನ್ ಅಂಡ್ ಸ್ಟೋರೇಜ್ ಎಂಬ ಪುಟ. ಮೇಲ್‌ಗಳನ್ನು ಈ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಬೇಕೆ ಎಂಬ ಮೊದಲ ಚೌಕದಲ್ಲಿ ಗುರುತಿರಬೇಕು. ಅದರ ಪಕ್ಕದ ಅಡ್ವಾನ್ಸ್ಡ್ ಗುಂಡಿ ಒತ್ತಿದರೆ ಎಲ್ಲ ಫೋಲ್ಡರುಗಳ ಪಟ್ಟಿ ಬರುತ್ತದೆ, ಆಫ್‌ಲೈನ್‌ಗೆ ಯಾವುದು ಬೇಕೋ ಅದಕ್ಕಷ್ಟೇ ಗುರುತು ಹಾಕಬಹುದು. ನಾನು ಮೊದಲು ಜಿಮೇಲ್‌ನಲ್ಲಿಯೇ ಬುಕಿಂಗ್, ಕ್ಯೂರಿಂಗ್, ಬ್ಯಾಂಕ್, ಕೂಲಿ ಲೆಕ್ಕ ಎಂದು ನಾಲ್ಕು ಲೇಬಲ್ ಮಾಡಿ, ಬರುವ ಮೇಲ್‌ಗಳು ತಾವಾಗಿಯೇ ಅಲ್ಲಿಗೆ ಹೋಗುವಂತೆ ಫಿಲ್ಟರ್ ಬರೆದೆ. ಜಿಮೇಲ್‌ನ ಲೇಬಲ್‌ಗಳು ಥಂಡರ್‌ಬರ್ಡ್‌ನಲ್ಲಿ ಫೋಲ್ಡರುಗಳಾಗಿ ಕಾಣಿಸುತ್ತವೆ. ಪಟ್ಟಿಯಲ್ಲಿ ಈ ನಾಲ್ಕಕ್ಕೂ ಇನ್‌ಬಾಕ್ಸ್ ಮತ್ತು ಸೆಂಟ್ ಮೇಲ್‌ಗೂ ಗುರುತು ಹಾಕಿ, ಸ್ಪ್ಯಾಮನ್ನು ಬಿಟ್ಟೆ. ಆಲ್ ಮೇಲ್ ಎಂಬ ಫೋಲ್ಡರನ್ನು ಮರೆಯದೆ ಬಿಡಬೇಕು, ಏಕೆಂದರೆ ಖಾತೆಯ ಬಹುಪಾಲು ಎಲ್ಲ ಮೇಲ್‌ಗಳೂ ಅದರೊಳಗೆ ಇರುವುದರಿಂದ ಅದಕ್ಕೆ ಗುರುತು ಇದ್ದರೆ ಉಳಿದ ಆಯ್ಕೆಗೆ ಅರ್ಥವೇ ಉಳಿಯುವುದಿಲ್ಲ.

ಅದೇ ಪುಟದ ಕೆಳಭಾಗದಲ್ಲಿ ಎಷ್ಟು ಹಳೆಯ ಮೇಲ್‌ಗಳವರೆಗೆ ಇಳಿಸಿಕೊಳ್ಳಬೇಕು ಎಂಬ ಆಯ್ಕೆಯಿದೆ. ವಯಸ್ಸು ನೋಡದೆ ಎಲ್ಲವನ್ನೂ ಇಳಿಸಿಕೊಳ್ಳಬಹುದು, ಇಲ್ಲವೇ ಇತ್ತೀಚಿನ ಇಷ್ಟು ದಿನಗಳದ್ದು ಸಾಕು ಎನ್ನಬಹುದು. ಈ ಗಡುವು ಇಡೀ ಖಾತೆಗೆ ಒಂದೇ ಆಗಿರುವುದು ನನಗೆ ಕೊರತೆಯಾಗಿ ಕಂಡಿತು. ಬ್ಯಾಂಕಿನ ಫೋಲ್ಡರಿಗೆ ಐದು ವರ್ಷ, ಇನ್‌ಬಾಕ್ಸಿಗೆ ಮೂರು ತಿಂಗಳು ಎಂದು ಬೇರೆ ಬೇರೆ ಇಡುವಂತಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಇಂತಿಷ್ಟು ಕೆಬಿಗಿಂತ ದೊಡ್ಡ ಮೇಲ್‌ಗಳನ್ನು ಇಳಿಸಬೇಡ ಎಂಬ ಚೌಕವೂ ಅಲ್ಲಿಯೇ ಇದೆ. ಅದಕ್ಕೆ ಗುರುತು ಹಾಕಿದರೆ ಪಿಡಿಎಫ್ ಲಗತ್ತಿಸಿದ ಮೇಲ್‌ಗಳೇ ಹೊರಗುಳಿಯುತ್ತವೆ, ಮತ್ತು ನಮಗೆ ಬೇಕಾದ ಕಾಗದಗಳೆಲ್ಲ ಬರುವುದು ಪಿಡಿಎಫ್ ರೂಪದಲ್ಲಿಯೇ.

ಇದೇ ಪುಟದ ಕೊನೆಯಲ್ಲಿ ಜಾಗ ಉಳಿಸಲು ಹಳೆಯ ಮೇಲ್‌ಗಳನ್ನು ಅಳಿಸುವ ಆಯ್ಕೆಗಳಿವೆ. ಇಲ್ಲಿ ದಯವಿಟ್ಟು ಎರಡು ಸಲ ಓದಿ ನೋಡಿ. ಇಷ್ಟು ದಿನಕ್ಕಿಂತ ಹಳೆಯದನ್ನು ಅಳಿಸು ಎಂದರೆ, ಕಂಪ್ಯೂಟರಿನಲ್ಲಿರುವ ಪ್ರತಿಯ ಜೊತೆಗೆ ಸರ್ವರಿನಲ್ಲಿರುವ ಮೂಲವೂ ಅಳಿಯುತ್ತದೆ. ಆ ಮಾತನ್ನು ಪರದೆಯ ಮೇಲೆ ಬರೆದಿದ್ದಾರೆ ನಿಜ, ಆದರೆ ಸಿಂಕ್ ಮಾಡುವ ಆಯ್ಕೆಗಳ ಕೆಳಗೇ ಇದನ್ನೂ ಇಟ್ಟಿರುವುದರಿಂದ ಎರಡೂ ಒಂದೇ ಬಗೆಯವೆಂದು ಭಾವಿಸುವುದು ಬಹಳ ಸಹಜ. ಏನನ್ನೂ ಅಳಿಸಬೇಡ ಎಂಬ ಆಯ್ಕೆಯನ್ನು ಹಾಗೆಯೇ ಬಿಡುವುದು ಒಳ್ಳೆಯದು.

ಮೊದಲ ಸಲ ಇಳಿಸಿಕೊಳ್ಳಲು ಸಮಯ ಬೇಕು. ಐಮ್ಯಾಪ್ ಮೂಲಕ ದಿನಕ್ಕೆ 2500 ಎಂಬಿಗಿಂತ ಹೆಚ್ಚು ಇಳಿಸಲು ಜಿಮೇಲ್ ಬಿಡುವುದಿಲ್ಲ. ಆದ್ದರಿಂದ ಹತ್ತು ಜಿಬಿ ಮೇಲ್ ಇರುವವರಿಗೆ ನೆಟ್ ಎಷ್ಟೇ ವೇಗವಾಗಿದ್ದರೂ ನಾಲ್ಕು ದಿನಗಳಾದರೂ ಹಿಡಿಯುತ್ತವೆ. ಸೌದೆ ಒಳಗೆ ಹಾಕುವ ಮೇ ತಿಂಗಳಲ್ಲಿಯೇ ಇದನ್ನೂ ಮುಗಿಸಿಕೊಂಡರೆ, ಮೊದಲ ಮಳೆಗೆ ಓಡಾಡಬೇಕಾಗಿಲ್ಲ. ಮುಗಿಯಿತು ಎಂದು ನಂಬುವ ಮೊದಲು ರೂಟರ್ ಆರಿಸಿ, ಪ್ರತಿ ಫೋಲ್ಡರಿನಲ್ಲಿಯೂ ಹಳೆಯ ಮೇಲ್ ಒಂದನ್ನು ತೆರೆದು, ಲಗತ್ತನ್ನೂ ತೆರೆದು ನೋಡಬೇಕು. ವಿಷಯದ ಸಾಲು ಪಟ್ಟಿಯಲ್ಲಿ ಕಂಡ ಮಾತ್ರಕ್ಕೆ ಒಳಗಿನ ಕಾಗದ ಇಳಿದಿದೆ ಎಂದು ಹೇಳಲಾಗದು.

ನೆಟ್ ಹೋದಾಗಿನ ಕೆಲಸದಲ್ಲಿ ಥಂಡರ್‌ಬರ್ಡ್ ನನಗೆ ಬಹಳ ಹಿಡಿಸಿತು. ಆಫ್‌ಲೈನ್ ಸ್ಥಿತಿಯಲ್ಲಿ ಬರೆದು ಕಳುಹಿಸು ಎಂದ ಉತ್ತರಗಳು ಔಟ್‌ಬಾಕ್ಸ್‌ನಲ್ಲಿ ಕಾದಿದ್ದು, ನೆಟ್ ಬಂದ ಮೇಲೆ ಹೊರಡುತ್ತವೆ. ಒಂದು ಮೇಲನ್ನು ಬೇರೆ ಫೋಲ್ಡರಿಗೆ ಸರಿಸಿದರೆ ಆ ಬದಲಾವಣೆಯೂ ನೆನಪಿನಲ್ಲಿದ್ದು ಆಮೇಲೆ ಸರ್ವರಿಗೆ ತಲುಪುತ್ತದೆ. ಒಂದು ಸೂಕ್ಷ್ಮ ಮಾತ್ರ ನಮ್ಮಂಥ ಮನೆಗಳಿಗೆ ಮುಖ್ಯ. ಇನ್ವರ್ಟರ್ ಇರುವುದರಿಂದ ರೂಟರಿನ ದೀಪ ಉರಿಯುತ್ತಲೇ ಇರುತ್ತದೆ, ತುಂಡಾಗಿರುವುದು ಎಲ್ಲೋ ರಸ್ತೆಯಂಚಿನ ಕೇಬಲ್. ಆಗ ಕಂಪ್ಯೂಟರಿಗೆ ಸಂಪರ್ಕ ಇರುವಂತೆಯೇ ತೋರುವುದರಿಂದ ಥಂಡರ್‌ಬರ್ಡ್ ತಾನಾಗಿ ಆಫ್‌ಲೈನ್‌ಗೆ ಹೋಗುವುದಿಲ್ಲ. ಕಳುಹಿಸಲು ಹೋದ ಪತ್ರ ದೋಷ ತೋರಿಸಿ ನಿಲ್ಲುತ್ತದೆ. ಕಿಟಕಿಯ ಎಡ ಕೆಳಮೂಲೆಯಲ್ಲಿರುವ ಸಣ್ಣ ಚಿಹ್ನೆಯನ್ನು ಒತ್ತಿ ನಾವೇ ಆಫ್‌ಲೈನ್ ಎಂದು ಹೇಳಿಬಿಟ್ಟರೆ ಈ ತೊಂದರೆಯಿಲ್ಲ. ಮೋಡ ಕಟ್ಟಿದ ದಿನ ನೆಟ್ ಇರುವಾಗಲೇ ಫೈಲ್ ಮೆನುವಿನ ಆಫ್‌ಲೈನ್ ಎಂಬಲ್ಲಿ ಡೌನ್‌ಲೋಡ್ ಸಿಂಕ್ ನೌ ಒತ್ತಿಬಿಡುವುದು ಈಗ ನಮ್ಮ ಮನೆಯಲ್ಲಿ ಅಭ್ಯಾಸವಾಗಿದೆ.

ಆಂಡ್ರಾಯ್ಡ್ ಫೋನಿಗೂ 2024ರ ಅಕ್ಟೋಬರ್‌ನಿಂದ ಥಂಡರ್‌ಬರ್ಡ್ ಸಿಗುತ್ತಿದೆ. ಹೊಸ ಮೇಲ್ ನೋಡಲು ಅದು ಚೆನ್ನಾಗಿದೆ, ಆದರೆ ವರ್ಷಗಟ್ಟಲೆಯ ಕಾಗದಗಳಿಗೆ ನಾನು ಲ್ಯಾಪ್‌ಟಾಪನ್ನೇ ನೆಚ್ಚುತ್ತೇನೆ.

ಇಳಿದ ಮೇಲ್‌ಗಳು ಲ್ಯಾಪ್‌ಟಾಪಿನಲ್ಲಿ ಬೀಗವಿಲ್ಲದೆ ಕುಳಿತಿರುತ್ತವೆ ಎಂಬುದನ್ನೂ ಹೇಳಬೇಕು. ಥಂಡರ್‌ಬರ್ಡ್‌ನ ಪ್ರೈಮರಿ ಪಾಸ್‌ವರ್ಡ್ ಕಾಯುವುದು ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು, ಮೇಲ್‌ಗಳನ್ನಲ್ಲ. ಅತಿಥಿಗಳ ಗುರುತಿನ ಚೀಟಿ ಇರುವ ಕಂಪ್ಯೂಟರಿನ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡಿಡುವುದು (ಬೇರೆಯವರು ಓದಲಾಗದಂತೆ ಗೂಢಲಿಪಿಯಲ್ಲಿಡುವುದು) ಹೋಂಸ್ಟೇ ನಡೆಸುವವರ ಹೊಣೆ ಎಂದು ನಾನು ತಿಳಿದಿದ್ದೇನೆ. ಜೊತೆಗೆ, ಸಿಂಕ್ ಆದ ಪ್ರತಿ ಬ್ಯಾಕಪ್ ಅಲ್ಲ, ಏಕೆಂದರೆ ಸರ್ವರಿನಲ್ಲಿ ಅಳಿದದ್ದು ಇಲ್ಲಿಯೂ ಅಳಿಯುತ್ತದೆ. ಅದಕ್ಕಾಗಿ ಬ್ಯಾಂಕ್ ಮತ್ತು ಕ್ಯೂರಿಂಗ್ ಫೋಲ್ಡರಿನ ಮೇಲ್‌ಗಳನ್ನು ಸರ್ವರಿನ ಜೊತೆ ಸಿಂಕ್ ಆಗದ ಲೋಕಲ್ ಫೋಲ್ಡರ್ಸ್ ಎಂಬಲ್ಲಿಗೆ ನಕಲು ಮಾಡಿ, ಥಂಡರ್‌ಬರ್ಡ್ ಮುಚ್ಚಿದ ಮೇಲೆ ಮೇಲ್‌ಗಳೂ ಸೆಟ್ಟಿಂಗ್ಸೂ ಇರುವ ಅದರ ಪ್ರೊಫೈಲ್ ಫೋಲ್ಡರನ್ನು ಇಡಿಯಾಗಿ ಒಂದು ಹಾರ್ಡ್‌ಡಿಸ್ಕಿಗೆ ಹಾಕಿ, ಅದನ್ನು ಮಡಿಕೇರಿಯ ತಂಗಿಯ ಮನೆಯ ಬೀರುವಿನಲ್ಲಿ ಇಟ್ಟಿದ್ದೇನೆ.