ಮನೆಪಾಠದ ಗಣಿತಕ್ಕೆ ಕ್ವಿಸಿನೇರ್ ಕಡ್ಡಿಗಳು: 74ರ ಸೆಟ್ ಎಲ್ಲಿಯವರೆಗೆ ಸಾಕು?

ಮಕ್ಕಳಿಗೆ ಮನೆಯಲ್ಲೇ ಪಾಠ ಮಾಡಲು ಹೊರಟವರು ಮೊದಲು ಹುಡುಕುವುದು ಗಣಿತದ ಪುಸ್ತಕವನ್ನು. ಅದಕ್ಕಿಂತ ಮುಂಚೆ ಉದ್ದಕ್ಕೊಂದು ಬಣ್ಣವಿರುವ ಕ್ವಿಸಿನೇರ್ ಕಡ್ಡಿಗಳ ಒಂದು ಸೆಟ್ ತರಿಸಿಕೊಳ್ಳಿ ಎನ್ನುವುದು ನಮ್ಮ ಸಲಹೆ. ಪುಸ್ತಕ ಮಗುವಿಗೆ ಒಗ್ಗದಿದ್ದರೆ ವರ್ಷದ ನಡುವೆಯೇ ಬದಲಾಯಿಸಬೇಕಾಗುತ್ತದೆ. ಕಡ್ಡಿಗಳು ಹಾಗಲ್ಲ, ಐದನೇ ವಯಸ್ಸಿನಿಂದ ಹನ್ನೊಂದರವರೆಗೆ ಯಾವ ಪಠ್ಯಕ್ರಮದ ಜೊತೆಗಾದರೂ ನಡೆಯುತ್ತವೆ. ಆದರೆ ಇವೇ ಪಠ್ಯಕ್ರಮ ಅಂದುಕೊಳ್ಳಬೇಡಿ. ಅನುಕ್ರಮ, ಅಭ್ಯಾಸದ ಲೆಕ್ಕ, ಪುನರಾವರ್ತನೆ ಎಲ್ಲವೂ ಪುಸ್ತಕದಿಂದಲೇ ಬರಬೇಕು.

ಬೆಲ್ಜಿಯಂನ ಶಾಲಾ ಮಾಸ್ತರು ಜಾರ್ಜ್ ಕ್ವಿಸಿನೇರ್ ರೂಪಿಸಿದ ಕಡ್ಡಿಗಳಿವು. 1950ರ ದಶಕದಲ್ಲಿ ಗಣಿತ ಶಿಕ್ಷಣತಜ್ಞ ಕೇಲೆಬ್ ಗತ್ತೇನೋ ಇವನ್ನು ದೇಶದೇಶಗಳ ಶಾಲೆಗಳಿಗೆ ಮುಟ್ಟಿಸಿದರು. ಹತ್ತು ಬಣ್ಣ, 1 ಸೆಂ.ಮೀ.ಯಿಂದ 10 ಸೆಂ.ಮೀ.ವರೆಗೆ ಹತ್ತು ಉದ್ದ: ಬಿಳಿ 1, ಕೆಂಪು 2, ಎಳೆಹಸಿರು 3, ನೇರಳೆ 4, ಹಳದಿ 5, ದಟ್ಟಹಸಿರು 6, ಕಪ್ಪು 7, ಕಂದು 8, ನೀಲಿ 9, ಕಿತ್ತಳೆ 10. ಮೇಲೆ ಅಂಕಿಯಿಲ್ಲ, ಗೆರೆಯಿಲ್ಲ. ಇದರ ಬೆಲೆ ಇರುವುದೇ ಅಲ್ಲಿ. ಸೆಂಟಿಮೀಟರಿಗೊಂದು ಗೀರು ಇರುವ ಸೆಟ್ಟುಗಳೂ ಸಿಗುತ್ತವೆ, ಅವು ಬೇಡ. ಗೀರು ಕಂಡ ಮಗು ಎಣಿಸುತ್ತಾ ಕೂರುತ್ತದೆ, ಉದ್ದವನ್ನು ಒಂದೇ ನೋಟಕ್ಕೆ ಹಿಡಿಯುವುದನ್ನು ಕಲಿಯುವುದಿಲ್ಲ. ಬಣ್ಣದ ಕ್ರಮ ಬೇರೆ ಇರುವ ಕಡ್ಡಿಗಳೂ ಇವೆ; ಕೊಳ್ಳುವ ಮುಂಚೆ ಕ್ರಮ ನೋಡಿಕೊಳ್ಳಿ.

ಡಬ್ಬಿ ಬಂದ ದಿನ ಮಾಡಬೇಕಾದ ಪರೀಕ್ಷೆ ಒಂದಿದೆ. ಹತ್ತು ಬಿಳಿ ಕಡ್ಡಿಗಳನ್ನು ಒತ್ತಾಗಿ ಸಾಲಿಟ್ಟು ಪಕ್ಕದಲ್ಲಿ ಒಂದು ಕಿತ್ತಳೆ ಇಡಿ. ಎರಡು ತುದಿಯೂ ಸಮ ಬರಬೇಕು. ಒಂದೊಂದು ಬಿಳಿ 0.3 ಮಿ.ಮೀ. ದಪ್ಪಗಿದ್ದರೂ ಹತ್ತಕ್ಕೆ 3 ಮಿ.ಮೀ. ಆಚೆ ಬರುತ್ತದೆ, "ಹತ್ತು ಒಂದುಗಳು ಸೇರಿದರೆ ಹತ್ತಕ್ಕಿಂತ ಜಾಸ್ತಿ" ಎಂದು ಕಣ್ಣಿಗೆ ಕಾಣುತ್ತದೆ. ಅಂಥ ಸೆಟ್ ವಾಪಸ್ ಕಳಿಸಿ.

ಸಾಮಾನ್ಯವಾಗಿ ಸಿಗುವ 74ರ ಸೆಟ್ಟಿನಲ್ಲಿ ಬಿಳಿ 22, ಕೆಂಪು 12, ಎಳೆಹಸಿರು 10, ನೇರಳೆ 6, ಉಳಿದ ಆರು ಬಣ್ಣ ತಲಾ 4. ಕೂಡುವುದು, ಕಳೆಯುವುದು, ಭಿನ್ನರಾಶಿಗೆ ಇಷ್ಟು ಧಾರಾಳ. ಮಗ್ಗಿಗೆ ಬಂದಾಗ ಮಾತ್ರ ಕೈಕೊಡುತ್ತದೆ. ಏಳಾರಲಿಯ (7 × 6) ಆಯತ ಕಟ್ಟಲು ಕಪ್ಪು ಆರು ಬೇಕು, ಇರುವುದು ನಾಲ್ಕು. ನೂರರ ಚೌಕಕ್ಕೆ ಕಿತ್ತಳೆ ಹತ್ತು ಬೇಕು. ಎರಡು ಸೆಟ್ ಕೊಂಡರೂ ಎಂಟೇ ಆಗುತ್ತವೆ. 1 ಸೆಂ.ಮೀ. ಚೌಕುಳಿಯ ಹಾಳೆಯನ್ನು ರಟ್ಟಿಗೆ ಅಂಟಿಸಿ ಬೇಕಾದ ಉದ್ದಕ್ಕೆ ಕತ್ತರಿಸಿ ಬಣ್ಣ ಹಚ್ಚಿದರೆ ಈ ಕೊರತೆ ನೀಗುತ್ತದೆ. ಕಡ್ಡಿಯ ಅಗಲವೂ 1 ಸೆಂ.ಮೀ. ಆದ್ದರಿಂದ ಅಳತೆ ಸರಿಹೊಂದುತ್ತದೆ.

ಮೊದಲ ಎರಡು ವಾರ ಏನೂ ಹೇಳಿಕೊಡಬೇಡಿ, ಮಕ್ಕಳು ಕಟ್ಟಿ ಆಡಲಿ. ಆಮೇಲೆ ಮೆಟ್ಟಿಲು, ಕಡ್ಡಿಗಳನ್ನು ತುದಿಗೆ ತುದಿ ಜೋಡಿಸಿದ ಒಂದೇ ಉದ್ದದ ರೈಲುಗಳು, ಚೀಲದೊಳಗೆ ಕೈಹಾಕಿ ಮುಟ್ಟಿಯೇ ಬಣ್ಣ ಹೇಳುವ ಆಟ. ಕೆಂಪು ಹಸಿರು ಗುರುತಿಸಲು ಕಷ್ಟಪಡುವ ಮಗುವಿಗೂ ಈ ಆಟ ದಾರಿ ಮಾಡಿಕೊಡುತ್ತದೆ, ಬೆರಳಿಗೆ ಉದ್ದ ತಿಳಿಯುತ್ತದಲ್ಲ. ಬರೆಯುವ ಹಂತಕ್ಕೆ ಅಕ್ಷರಗಳು: ಬಿ, ಕೆಂ, ಎ, ನೇ, ಹ, ದ, ಕ, ಕಂ, ನೀ, ಕಿ. ಕೆಂ + ಎ = ಹ ಎಂದು ಬರೆದ ಮಗು 2 + 3 = 5ಕ್ಕೆ ತಾನೇ ಬರುತ್ತದೆ; ಬೀಜಗಣಿತಕ್ಕೂ ಅಲ್ಲೇ ಬುನಾದಿ ಬೀಳುತ್ತದೆ.

ಮನೆಗಳಲ್ಲಿ ಹೆಚ್ಚಾಗಿ ಆಗುವ ತಪ್ಪು ಎಂದರೆ "ಹಳದಿ ಅಂದರೆ 5" ಎಂದು ಬಾಯಿಪಾಠ ಮಾಡಿಸಿಬಿಡುವುದು. ಹಾಗೆ ಕಲಿತ ಮಗುವಿಗೆ ಭಿನ್ನರಾಶಿಯ ಹೊತ್ತಿಗೆ ಕಡ್ಡಿಗಳೇ ಅಡ್ಡ ಬರುತ್ತವೆ. ವಾರಕ್ಕೊಮ್ಮೆ ಅಳತೆಯನ್ನೇ ಬದಲಿಸಿ: ಇವತ್ತು ಕಿತ್ತಳೆಯೇ 1. ಹಾಗಾದರೆ ಹಳದಿ ಎಷ್ಟು? ಅರ್ಧ. ಬಿಳಿ? ಹತ್ತನೇ ಒಂದು. ನಾಳೆ ಕೆಂಪು 1, ಆಗ ಅದೇ ಹಳದಿ ಎರಡೂವರೆ.

1/2 + 1/3 ಕೊಟ್ಟು ನೋಡಿ. ಕಿತ್ತಳೆಯನ್ನು 1 ಎಂದು ಇಟ್ಟುಕೊಂಡ ಮಗು ಅರ್ಧಕ್ಕೆ ಹಳದಿ ಇಡುತ್ತದೆ, ಮೂರನೇ ಒಂದಕ್ಕೆ ತಡಕಾಡುತ್ತದೆ. ಎಳೆಹಸಿರು ಮೂರಿಟ್ಟರೆ ಕಡಿಮೆ, ನೇರಳೆ ಮೂರಿಟ್ಟರೆ ಹೆಚ್ಚು. ಇಲ್ಲಿ ನೀವು ಬಾಯಿ ಬಿಡಬೇಡಿ. 1ರ ಜಾಗಕ್ಕೆ ಒಂದೊಂದೇ ಕಡ್ಡಿ ಬದಲಿಸುತ್ತಾ ಮಗು ದಟ್ಟಹಸಿರಿಗೆ ಬರುತ್ತದೆ: ಅರ್ಧ ಎಳೆಹಸಿರು, ಮೂರನೇ ಒಂದು ಕೆಂಪು. ಎರಡನ್ನೂ ಜೋಡಿಸಿದರೆ ಹಳದಿಯಷ್ಟು, ದಟ್ಟಹಸಿರಿನ ಆರರಲ್ಲಿ ಐದು ಭಾಗ, 5/6. ಛೇದ ಸಮ ಮಾಡುವುದು ಯಾಕೆ ಎಂದು ಇನ್ನು ಬಿಡಿಸಿ ಹೇಳಬೇಕಾಗಿಲ್ಲ. ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಎಂಬ ಹೆಸರನ್ನು ಮಾರನೇ ದಿನ ಹೇಳಿದರಾಯಿತು.

ಶೇಷ ಉಳಿಯುವ ಭಾಗಾಕಾರವೂ ಇಷ್ಟೇ ಸ್ಪಷ್ಟ. ಕಿತ್ತಳೆಗೆ ಕಪ್ಪು ಸೇರಿಸಿದರೆ 17. ಕೆಳಗೆ ಹಳದಿ ಮೂರು ಇಟ್ಟರೆ ಉಳಿದ ಜಾಗಕ್ಕೆ ಕೆಂಪು ಸರಿಯಾಗಿ ಕೂರುತ್ತದೆ.

ಇನ್ನೊಂದು ತೊಂದರೆ, ಪ್ರತಿಯೊಂದಕ್ಕೂ ಬಿಳಿ ಕಡ್ಡಿ ಜೋಡಿಸಿ ಎಣಿಸುವ ಚಾಳಿ. ಬಿಳಿ ಎರಡನ್ನು ಮಾತ್ರ ಹೊರಗಿಟ್ಟು ಉಳಿದವನ್ನು ಎತ್ತಿಡಿ. ಇದಕ್ಕೆ ಉಲ್ಟಾ, 8 + 5 ಕೇಳಿದೊಡನೆ 13 ಎನ್ನುವ ಮಗುವಿಗೆ ಕಡ್ಡಿ ಇಟ್ಟು ತೋರಿಸು ಎಂದು ಒತ್ತಾಯಿಸಬೇಡಿ; ಆ ಲೆಕ್ಕಕ್ಕೆ ಕಡ್ಡಿಯ ಕೆಲಸ ಮುಗಿದಿದೆ. ನೂರು ದಾಟಿದ ಸ್ಥಾನಬೆಲೆಗೆ ಒಂದು, ಹತ್ತು, ನೂರರ ಬ್ಲಾಕುಗಳೇ ಮೇಲು. ಗಡಿಯಾರಕ್ಕೆ, ವಾಕ್ಯರೂಪದ ಲೆಕ್ಕವನ್ನು ಓದಿ ಅರ್ಥಮಾಡಿಕೊಳ್ಳುವುದಕ್ಕೆ ಇವುಗಳಿಂದ ಹೆಚ್ಚೇನೂ ಸಿಗದು.

ಜೊತೆಗೆ ಪುಸ್ತಕ ಆರಿಸುವಾಗ ಭಿನ್ನರಾಶಿಯ ಅಧ್ಯಾಯವನ್ನು ಮೊದಲು ತೆರೆಯಿರಿ. ಬರೀ ವೃತ್ತದ ತುಂಡುಗಳೇ ಇದ್ದರೆ ಕಡ್ಡಿಗೂ ಪುಸ್ತಕಕ್ಕೂ ಹೊಂದಾಣಿಕೆ ಆಗದು; ಸಂಖ್ಯಾರೇಖೆ, ಪಟ್ಟಿಚಿತ್ರ ಇರುವ ಪುಸ್ತಕ ತನ್ನಿ. ದಿನದ ಹೊತ್ತು 15-20 ನಿಮಿಷ ಸಾಕು: ಕಡ್ಡಿಯಲ್ಲಿ ಮಾಡುವುದು, ಬಾಯಲ್ಲಿ ಹೇಳುವುದು, ಪುಸ್ತಕದಲ್ಲಿ ಬರೆಯುವುದು, ಇದೇ ಕ್ರಮದಲ್ಲಿ. ಬೇರೆ ಬೇರೆ ವಯಸ್ಸಿನ ಇಬ್ಬರು ಒಂದೇ ಮೇಜಿಗೆ ಕೂತರೆ ಕೆಂಪು, ಎಳೆಹಸಿರಿಗೆ ಜಗಳ ಖಂಡಿತ, ಆಗ ಎರಡನೇ ಸೆಟ್ ಬೇಕೇ ಬೇಕು. ಮನೆಯಲ್ಲಿ ಮೂರು ವರ್ಷದೊಳಗಿನ ಮಗುವಿದ್ದರೆ ಪಾಠ ಮುಗಿದ ಕೂಡಲೇ ಬಿಳಿ ಕಡ್ಡಿ ಎಣಿಸಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಎತ್ತರದಲ್ಲಿಡಿ. 1 ಸೆಂ.ಮೀ. ತುಂಡು ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರದ್ದು.