ನಲವತ್ತು ಕುರ್ಚಿಯ ಚೇಂಬರ್ ಕಚೇರಿ: ಟಿಕೆಟ್ ಕೊಳ್ಳುವ ಮುನ್ನ

ಮೂವತ್ತು ನಲವತ್ತು ಜನ ಹಿಡಿಸುವ ಕೋಣೆಯಲ್ಲಿ ನಡೆಯುವ ಚೇಂಬರ್ ಕಚೇರಿಗಳ, ಅಂದರೆ ಕೆಲವೇ ವಾದಕರು ನುಡಿಸುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಚೇರಿಗಳ ಬಗ್ಗೆ ತೀರ್ಪು ಮೊದಲೇ ಹೇಳಿಬಿಡಬಹುದು. ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡ ವಯೋಲಾ, ಮಂದ್ರದ ಚೆಲ್ಲೊ) ಇದ್ದರೆ ಕಣ್ಣು ಮುಚ್ಚಿಕೊಂಡು ಟಿಕೆಟ್ ತಗೊಳ್ಳಿ, ಪಿಯಾನೊ ಸೇರಿದ್ದರೆ ವಿಚಾರಿಸಿ ತಗೊಳ್ಳಿ, ಮೈಕ್ ಇಟ್ಟಿದ್ದಾರೆ ಎಂದರೆ ಬಿಟ್ಟುಬಿಡಿ.

ಹತ್ತಿರ ಕೂತರೆ ಏನು ಸಿಗುತ್ತದೆ ಎಂಬುದಕ್ಕೆ ಸಂಯೋಜಕ ಹೈಡನ್‌ನ 1781ರ ಓಪಸ್ (ಕೃತಿಸಂಖ್ಯೆ) 33ರ ಎರಡನೆಯ ಕ್ವಾರ್ಟೆಟ್ ಸಾಕು. ‘ಜೋಕ್’ ಎಂದೇ ಅದಕ್ಕೆ ಹೆಸರು. ಕೊನೆಯ ಭಾಗದಲ್ಲಿ ಧಾಟಿಯನ್ನು ತುಂಡು ಮಾಡಿ, ತುಂಡುಗಳ ನಡುವೆ ಮೌನ ತುರುಕಿ, ಮುಗಿದೇಹೋಯಿತು ಅನ್ನಿಸುವಷ್ಟು ಬಿಡುವು ಕೊಟ್ಟು, ಮತ್ತೆ ಮೊದಲ ತುಣುಕನ್ನೇ ಮೆಲ್ಲಗೆ ನುಡಿಸಿ ನಿಲ್ಲಿಸುತ್ತಾನೆ. ದೊಡ್ಡ ಹಾಲ್‌ನಲ್ಲಿ ನಡುವೆಯೇ ಚಪ್ಪಾಳೆ ಬೀಳುತ್ತದೆ. ಎರಡು ಮೀಟರ್ ದೂರದಲ್ಲಿ ಕೂತವರಿಗೆ ಕಮಾನು ಇನ್ನೂ ತಂತಿಯ ಮೇಲೇ ತೂಗುತ್ತಿರುವುದು ಕಾಣುತ್ತದೆ, ತಮಾಷೆಯಲ್ಲಿ ಅವರೂ ಪಾಲುದಾರರು.

ತೊಂದರೆ ಇರುವುದು ಕೋಣೆಯಲ್ಲಿ. ಒಳ್ಳೆಯ ಚೇಂಬರ್ ಹಾಲ್‌ನಲ್ಲಿ ನಾದ ಸುಮಾರು ಒಂದೂವರೆ ಸೆಕೆಂಡು ಉಳಿದರೆ, ಸೋಫಾ, ಪರದೆ ತುಂಬಿದ ಹಜಾರದಲ್ಲಿ ಅರ್ಧ ಸೆಕೆಂಡಿಗೇ ಆರಿಹೋಗುತ್ತದೆ. ಜನ ತುಂಬಿದ ಮೇಲೆ ಇನ್ನೂ ಕಡಿಮೆ. ಇದನ್ನು ಬಲ್ಲ ವಾದಕರು ಸ್ವರದ ತುದಿಯನ್ನು ಕತ್ತರಿಸದೆ ಕಮಾನಿನಲ್ಲೇ ಎಳೆದು ಮುಗಿಸುತ್ತಾರೆ, ಅರಿಯದವರದು ಒಣಒಣ. ಚೆಲ್ಲೊವನ್ನು ನೆಲದ ಮೇಲೆ ನಿಲ್ಲಿಸುವ ಕೆಳಗಿನ ಮೊಳೆ ಮರದ ನೆಲಕ್ಕೆ ಊರಿದರೆ ನೆಲವೂ ಜೊತೆಗೆ ನುಡಿಯುತ್ತದೆ. ಕಾಂಕ್ರೀಟ್ ಮೇಲೆ ಕಾರ್ಪೆಟ್ ಹಾಸಿದ್ದರೆ ಮಂದ್ರ ಸೊರಗುತ್ತದೆ. ಟೈಲ್ಸ್ ಆದರೆ ಮೊಳೆ ಜಾರುತ್ತದೆ, ಅದನ್ನು ಹಿಡಿದಿಡಲು ವಾದಕರ ಕುರ್ಚಿಯ ಕಾಲಿಗೆ ಪಟ್ಟಿ ಕಟ್ಟಲೇಬೇಕು.

ಎಲ್ಲಿ ಕೂರಬೇಕು? ಎರಡನೆಯ ಸಾಲಿನ ನಡುವೆ. ಮುಂದಿನ ಸಾಲಿನ ಅಂಚಿನಲ್ಲಿ ಕೂತರೆ ಒಂದೇ ವಾದ್ಯ ಕೇಳಿ ಬರುತ್ತೀರಿ. ನಿಮ್ಮ ಬಲಗಡೆಯ ತುದಿಯಲ್ಲಿ ವಯೋಲಾ ಇದ್ದರೆ ಅದರ ಮುಖ ಹಿಂದಿನ ಗೋಡೆಯತ್ತ ತಿರುಗಿರುತ್ತದೆ. ಬರಿಗೋಡೆಯಾದರೆ ಪರವಾಗಿಲ್ಲ, ದನಿ ತಿರುಗಿ ಬರುತ್ತದೆ. ಅಲ್ಲಿ ಪರದೆ ಇಳಿಬಿಟ್ಟಿದ್ದರೆ ವಯೋಲಾ ಮುಳುಗಿತೆಂದೇ ಲೆಕ್ಕ. ಎಷ್ಟೋ ಆಯೋಜಕರು ಚಂದ ಕಾಣಲೆಂದು ಅಲ್ಲೇ ಪರದೆ ಕಟ್ಟುತ್ತಾರೆ!

ಪಿಯಾನೊ ಸೇರಿದರೆ ಕತೆ ಬೇರೆ. ಸಂಯೋಜಕ ಶೂಮನ್‌ನ 1842ರ ಪಿಯಾನೊ ಕ್ವಿಂಟೆಟ್ (ಪಿಯಾನೊ ಜೊತೆಗೆ ಸ್ಟ್ರಿಂಗ್ ಕ್ವಾರ್ಟೆಟ್) ಇಂಥ ಕೋಣೆಗೆ ಭಾರವೇ. ದನಿ ತಗ್ಗಲೆಂದು ಪಿಯಾನೊದ ಮುಚ್ಚಳವನ್ನು ಗಿಡ್ಡ ಆಸರೆಕಡ್ಡಿಗೆ ಇಳಿಸಿದರೂ ನಾಲ್ಕು ತಂತಿವಾದ್ಯಗಳು ಬೆವರುತ್ತವೆ. ಪಿಯಾನೊ ಶ್ರುತಿ ಮಾಡಿದ್ದು ಜಾಗ ಬದಲಿಸುವ ಮೊದಲೋ ಆಮೇಲೋ ಎಂದು ಕೇಳಿ. ಮೊದಲು ಎಂದರೆ ಆ ದಿನ ಹೋಗದಿರುವುದೇ ಲೇಸು.

ಎಸಿ ಸದ್ದು ಮೆಲುದನಿಯನ್ನು ನುಂಗುವುದರಿಂದ ಕಚೇರಿ ಶುರುವಾಗುವಾಗ ಆರಿಸುತ್ತಾರೆ. ಕೋಣೆ ಬಿಸಿಯೇರಿದಂತೆ ತಂತಿಯ ಶ್ರುತಿ ಇಳಿಯುತ್ತದೆ, ಕೃತಿಯ ನಡುವೆ ಶ್ರುತಿ ಸೇರಿಸಲು ನಿಲ್ಲಿಸಿದರೆ ಅದು ವಾದಕರ ತಪ್ಪಲ್ಲ. ವಿರಾಮವಿಲ್ಲದೆ ಅರವತ್ತರಿಂದ ಎಪ್ಪತ್ತೈದು ನಿಮಿಷ ಸರಿಯಾದ ಅಳತೆ.

ಬಾಗಿಲು ವಾದಕರ ಬೆನ್ನಿಗಿರುವ ಕೋಣೆಯಾದರೆ ಹದಿನೈದು ನಿಮಿಷ ಮೊದಲೇ ಹೋಗಿ. ತಡವಾದರೆ ಮೊದಲ ಕೃತಿ ಮುಗಿಯುವವರೆಗೆ ಹೊರಗೇ. ಹೈಡನ್ ಆದರೆ ಇಪ್ಪತ್ತು ನಿಮಿಷ, ಸಂಯೋಜಕ ಶೂಬರ್ಟ್‌ನ ಕೊನೆಗಾಲದ ಕೃತಿಯಾದರೆ ಮುಕ್ಕಾಲು ಗಂಟೆ.