ಹೀರೆಕಾಯಿ ಚಟ್ನಿಗೊಂದು ಚಿಕ್ಕ ಒರಳು: ಕೊಳ್ಳಬಹುದಾ?

ಹೀರೆಕಾಯಿ ಚಟ್ನಿ ಮಿಕ್ಸಿಯಲ್ಲಿ ನನಗೆ ಹಿಡಿಸುವುದಿಲ್ಲ. ಬೇಳೆ ಪುಡಿಯಾಗುವಷ್ಟರಲ್ಲಿ ಹೀರೆಕಾಯಿ ನೀರಾಗಿರುತ್ತದೆ. ಅದಕ್ಕೇ ರಸ್ತೆ ಬದಿ ಕಲ್ಲು ಕೆತ್ತುವವರ ಹತ್ತಿರ ಚಿಕ್ಕ ಒರಳು ತಂದೆ. ಕರಿಕಲ್ಲಿನದು, ಬಾಯಿ ಒಂದು ಗೇಣು ಅಗಲ, ಗುಂಡೂ ಸೇರಿ 900 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ತಂದ ಕೂಡಲೇ ಬಳಸುವ ಹಾಗಿಲ್ಲ, ಪಳಗಿಸಬೇಕು. ಒಂದು ಹಿಡಿ ಅಕ್ಕಿಗೆ ಕಲ್ಲುಪ್ಪು ಹಾಕಿ ಅರೆದು ಚೆಲ್ಲಿ. ಬೂದು ಬಣ್ಣ ಹೋಗಿ ಹಿಟ್ಟು ಬೆಳ್ಳಗೆ ಬರುವ ತನಕ ಇದೇ ಕೆಲಸ. ಕೈ ಸೋಲುತ್ತದೆ ನಿಜ, ಆದರೆ ಬಿಟ್ಟರೆ ಚಟ್ನಿಯಲ್ಲಿ ಕಲ್ಲಿನ ಪುಡಿ ಹಲ್ಲಿಗೆ ಸಿಗುತ್ತದೆ.

ಇನ್ನು ಚಟ್ನಿಗೆ ಎಳೆ ಹೀರೆಕಾಯಿ ಒಂದು ಸಾಕು. ತುದಿ ಕತ್ತರಿಸಿ ನಾಲಿಗೆಗೆ ಹಚ್ಚಿ ನೋಡಿ, ಕಹಿಯಿದ್ದರೆ ಬೇಡವೇ ಬೇಡ. ಏಣು ಮಾತ್ರ ಹೆರೆಯಿರಿ, ಸಿಪ್ಪೆ ಇರಲಿ. ಎಣ್ಣೆಯಲ್ಲಿ 2 ಚಮಚ ಉದ್ದಿನಬೇಳೆ, 1 ಚಮಚ ಕಡಲೆಬೇಳೆ, ಬಣ್ಣಕ್ಕೆ 4 ಬ್ಯಾಡಗಿ, ಖಾರಕ್ಕೆ 2 ಗುಂಟೂರು ಮೆಣಸಿನಕಾಯಿ, ಚಿಟಿಕೆ ಇಂಗು ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಹೀರೆಕಾಯಿ ಬಾಡಿಸಿ. ಮುಚ್ಚಳ ಮುಚ್ಚಬೇಡಿ. ಮುಚ್ಚಿದರೆ ನೀರು ಬಿಟ್ಟುಕೊಂಡು ಬೇಯುತ್ತದೆ, ಹುರಿದ ಘಮ ಬರುವುದಿಲ್ಲ.

ಒರಳಿನ ಗಮ್ಮತ್ತು ಗೊತ್ತಾಗುವುದು ಇಲ್ಲಿಂದ ಮುಂದೆ. ಮೊದಲು ಮೆಣಸಿನಕಾಯಿ, ಜೊತೆಗೆ ಕಲ್ಲುಪ್ಪು. ಉಪ್ಪಿನ ಹರಳಿಗೆ ಸಿಕ್ಕಿ ಮೆಣಸಿನಕಾಯಿ ಸಿಪ್ಪೆ ಬೇಗ ಹರಿಯುತ್ತದೆ. ಆಮೇಲೆ ಬೇಳೆ ಹಾಕಿ ತರಿತರಿಯಾಗಿ ಕುಟ್ಟಿ. ಹುಣಸೆಹಣ್ಣು, ಚೂರು ಬೆಲ್ಲ, ಕಾಯಿತುರಿ ಸೇರಿಸಿ ಗುಂಡು ತಿರುಗಿಸಿ. ಹೀರೆಕಾಯಿ ಕೊನೆಗೆ. ಅದನ್ನು ಅರೆಯುವುದೇ ಬೇಡ, ನಾಲ್ಕು ಸಲ ಜಜ್ಜಿದರೆ ಸಾಕು. ಅದರ ರಸವೇ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ, ಒಂದು ಹನಿ ನೀರೂ ಬೇಕಾಗಿಲ್ಲ. ಕೆಂಪು ಮಸಾಲೆಯ ನಡುವೆ ಹಸಿರು ಸಿಪ್ಪೆಯ ಎಳೆ, ಅಲ್ಲಲ್ಲಿ ಮೆತ್ತಗಿನ ಬೀಜ ಕಾಣುತ್ತಿರಬೇಕು. ಮೇಲೆ ಸಾಸಿವೆ, ಕರಿಬೇವಿನ ಒಗ್ಗರಣೆ.

ಬಿಸಿ ಅನ್ನಕ್ಕೆ ತುಪ್ಪ ಹಾಕಿ ಈ ಚಟ್ನಿ ಕಲಸಿದರೆ ಸಾರು ನೆನಪಾಗುವುದಿಲ್ಲ. ಅಕ್ಕಿರೊಟ್ಟಿಗೂ ಚೆನ್ನ. ಜೋಳದ ರೊಟ್ಟಿಗಾದರೆ ಇಂಗು ಬಿಟ್ಟು ಬೆಳ್ಳುಳ್ಳಿ ಹಾಕಿ, ಕಾಯಿ ಬದಲು ಹುರಿದ ಶೇಂಗಾ.

ಒರಳಿನಲ್ಲಿ ಕೊರತೆಯೂ ಇದೆ. ಗುಂಡು ಗಿಡ್ಡ, ಜೋರಾಗಿ ಕುಟ್ಟಿದರೆ ಗೆಣ್ಣು ಅಂಚಿಗೆ ತಾಗುತ್ತದೆ. ಭಾರ ಜಾಸ್ತಿ, ಸಿಂಕಿಗೆ ಎತ್ತಿಕೊಂಡು ಹೋಗಿ ತೊಳೆಯುವುದು ಕಷ್ಟ. ಸೋಪು ಮುಟ್ಟಿಸಬೇಡಿ, ಬಿಸಿನೀರು ಮತ್ತು ನಾರು ಸಾಕು. ಬೆಳಿಗ್ಗೆ ಇಡ್ಲಿ, ದೋಸೆಗೆ ಬರೀ ಕಾಯಿ ಚಟ್ನಿ ಮಾಡುವವರು ಸುಮ್ನೆ ಇದಕ್ಕೆ ದುಡ್ಡು ಹಾಕಬೇಡಿ, ಅದಕ್ಕೆ ಮಿಕ್ಸಿಯೇ ಸರಿ. ಹೀರೆ, ಬದನೆ, ಟೊಮೆಟೊ ಚಟ್ನಿ ಇಷ್ಟಪಡುವವರು ಖಂಡಿತ ತನ್ನಿ. ಆದರೆ ಆನ್‌ಲೈನಿನಲ್ಲಿ ಫೋಟೋ ನೋಡಿ ತರಿಸಬೇಡಿ. ಅಂಗಡಿಗೇ ಹೋಗಿ ಒಳಗೆ ಬೆರಳಾಡಿಸಿ ತರಿ ಇದೆಯಾ ನೋಡಿ. ಗುಂಡು ನಿಮ್ಮ ಮುಷ್ಟಿಗಿಂತ ಎರಡು ಬೆರಳಾದರೂ ಉದ್ದ ಇರಲಿ.